ಕಡಿವಾಣ ಕೊಳ್ಳುವ ಮುಂಚೆ ಕುದುರೆಯ ಬಾಯಿ ನೋಡಿ

ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ ದಿನಕ್ಕೊಂದು ಕಡಿವಾಣ. ಬೆಲೆ ಏರಿಕೆಗೆ ಕಡಿವಾಣ, ಅಕ್ರಮ ಮರಳು ಸಾಗಾಟಕ್ಕೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ. ಇಷ್ಟು ಸಲ ಓದುವ ಈ ಶಬ್ದದ ಮೂಲ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಕುದುರೆಯ ಬಾಯಲ್ಲಿ ಅಡ್ಡಲಾಗಿ ಕೂರುವ ಲೋಹದ ತುಂಡು ಅದು. ಶಬ್ದದೊಳಗೇ ಕಡಿಯುವ ‘ಕಡಿ’ ಕೂತಿದೆ. ಇಂಗ್ಲಿಷಿನ ‘ಬಿಟ್’ ಕೂಡ ಕಚ್ಚುವ ಮಾತಿನಿಂದಲೇ ಬಂದದ್ದು. ನಮ್ಮ ಬೆಳಗಾವಿ ಕಡೆ ಬಾಯೊಳಗಿನ ಲೋಹ, ತಲೆಯ ಪಟ್ಟಿ, ಕೈಗೆ ಬರುವ ಹಗ್ಗ ಎಲ್ಲ ಸೇರಿಸಿ ‘ಲಗಾಮು’ ಅಂದುಬಿಡುತ್ತೇವೆ. ಗೊಂದಲ ಬೇಡವೆಂದು ಇಲ್ಲಿ ಬಾಯೊಳಗಿನದನ್ನು ಕಡಿವಾಣ ಎಂದೂ ಕೈಯಲ್ಲಿ ಹಿಡಿಯುವುದನ್ನು ಲಗಾಮು ಎಂದೂ ಕರೆಯುತ್ತೇನೆ.

ಈ ಬರಹಕ್ಕೆ ಕಾರಣ ಒಂದು ಹೆಣ್ಣು ಕುದುರೆ. ಹೆಸರು ಚಂದ್ರಿ, ಏಳು ವರ್ಷ ಪ್ರಾಯ, ಎತ್ತರ ಹದಿಮೂರು ಮುಷ್ಟಿ. ಒಂದು ಮುಷ್ಟಿಗೆ ನಾಲ್ಕು ಇಂಚು ಲೆಕ್ಕ ಹಾಕಿದರೆ 52 ಇಂಚು. ಶರ್ಯತ್ತಿನ ಗಾಡಿ ಎಳೆದು ಬಂದ ಜೀವ. ಖಾನಾಪುರದ ಆಚೆ ಜಾಂಬೋಟಿ ದಿಕ್ಕಿನಲ್ಲಿ ಅಣ್ಣನ ತೋಟವಿದೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅಲ್ಲಿಗೆ ಬಂತು. ಕಾಲೇಜಿಗೆ ಹೋಗುವ ಅಣ್ಣನ ಮಗಳಿಗೆ ಸವಾರಿಯ ಹುಚ್ಚು. ಅದೂ ‘ವೆಸ್ಟರ್ನ್’ ಸವಾರಿಯೇ ಆಗಬೇಕು: ಅಗಲವಾದ ಜೀನು, ಉದ್ದನೆಯ ರಿಕಾಪು, ಒಂದೇ ಕೈಯಲ್ಲಿ ಸಡಿಲ ಲಗಾಮು, ಇನ್ನೊಂದು ಕೈ ತೊಡೆ ಮೇಲೆ. ಸಿನಿಮಾದ ಕೌಬಾಯ್‌ಗಳು ಕೂರುವ ಹಾಗೆ.

ನಮ್ಮ ಸೀಮೆಗೆ ಕುದುರೆ ಹೊಸದೇನಲ್ಲ. ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ರಾಣಿ ಕುದುರೆ ಏರಿ ನಿಂತಿದ್ದಾಳೆ. ಅವಳ ಕಿತ್ತೂರಿನ ಬಾಲಕಿಯರ ಸೈನಿಕ ವಸತಿ ಶಾಲೆಯಲ್ಲಿ ಹುಡುಗಿಯರಿಗೆ ಕುದುರೆ ಸವಾರಿ ಕಲಿಸುತ್ತಾರೆ. ಚಿಕ್ಕೋಡಿ ಕಡೆಯ ಅಂಕಲಿಯಿಂದ ಶಿತೋಳೆ ಸರಕಾರರ ಮನೆತನದ ಎರಡು ಕುದುರೆಗಳು ಪ್ರತಿ ವರ್ಷ ಆಳಂದಿಗೆ ನಡೆದುಹೋಗಿ ಜ್ಞಾನೇಶ್ವರ ಮಹಾರಾಜರ ಪಾಲಖಿ ಸೇರುತ್ತವೆ. ಅವುಗಳಲ್ಲಿ ಮಾವುಲಿಯ ಕುದುರೆಯ ಮೇಲೆ ಯಾರೂ ಕೂರುವುದಿಲ್ಲ. ರಿಂಗಣದಲ್ಲಿ ಲಕ್ಷಾಂತರ ವಾರಕರಿಗಳ ನಡುವೆ ಅದು ಸವಾರನಿಲ್ಲದೆಯೇ ಓಡುತ್ತದೆ. ಇನ್ನು ಜಾತ್ರೆಗಳ ಗಾಡಿ ಶರ್ಯತ್ತು, ಮದುವೆಯ ಮೆರವಣಿಗೆ ಇದ್ದೇ ಇವೆ. ಈಗ ಈ ಸಾಲಿಗೆ ಹೊಸದಾಗಿ ಸೇರಿರುವುದು ತೋಟದ ಮನೆಯಲ್ಲಿ ಹವ್ಯಾಸಕ್ಕೆ ಒಂದೆರಡು ಕುದುರೆ ಕಟ್ಟಿಕೊಂಡವರು. ಅವರಲ್ಲಿ ಹೆಚ್ಚಿನವರು ಕೊಳ್ಳುವುದು ಚಂದ್ರಿಯಂಥ ಕುದುರೆಯನ್ನೇ. ಒಂದು ಕೆಲಸದಲ್ಲಿ ಪಳಗಿರುತ್ತದೆ, ಇನ್ನೊಂದು ಕೆಲಸಕ್ಕೆ ಬರುತ್ತದೆ. ಗಾಡಿಯ ಕುದುರೆ ಸವಾರಿಯ ಕುದುರೆಯಾಗುವ ಈ ತಿರುವಿನಲ್ಲೇ ಕಡಿವಾಣದ ಪ್ರಶ್ನೆ ಎದುರಾಗುವುದು.

ಚಂದ್ರಿಯ ಕಷ್ಟ ಮೊದಲ ವಾರದಲ್ಲೇ ಗೊತ್ತಾಯಿತು. ಲಗಾಮು ಎಳೆದರೆ ನಿಲ್ಲುವ ಬದಲು ತಲೆ ಆಕಾಶಕ್ಕೆ ಎತ್ತಿ ಇನ್ನಷ್ಟು ಓಡುತ್ತಿತ್ತು. ಜಾಂಬೋಟಿ ರಸ್ತೆಯಲ್ಲಿ ಕೆಂಪು ಕಲ್ಲು ಹೇರಿದ ಲಾರಿಗಳು ಓಡಾಡುತ್ತವೆ, ಅಂಚಿನಲ್ಲಿ ಚರಂಡಿ. ಅಂಥ ಕಡೆ ನಿಲ್ಲದ ಕುದುರೆಯ ಮೇಲೆ ಹದಿನೆಂಟರ ಹುಡುಗಿ ಕೂತಿದ್ದಾಳೆ ಅಂದರೆ ಮನೆಯವರಿಗೆ ನಿದ್ದೆ ಬರುತ್ತದೆಯೇ? ನೋಡಲು ಬಂದವರೆಲ್ಲರ ಸಲಹೆಯೂ ಒಂದೇ: “ಕುದುರಿ ಬಾಯಿ ಗಟ್ಟಿ ಐತ್ರಿ. ಗಟ್ಟಿ ಲಗಾಮು ಹಾಕ್ರಿ, ತಾನ ನಿಲ್ತೈತಿ.” ಅಂಗಡಿಯ ಚಿತ್ರಗಳಲ್ಲಿ ಗಟ್ಟಿ ವಸ್ತುವೂ ಸಿಕ್ಕಿತು. ಎರಡೂ ಬದಿಗೆ ಗೇಣುದ್ದದ ಬಾಗಿದ ಕಂಬಿ, ಅದರ ಮೇಲೆ ಹೂಬಳ್ಳಿಯ ಕೆತ್ತನೆ, ‘ವೆಸ್ಟರ್ನ್ ಕರ್ಬ್’ ಎಂಬ ಹೆಸರು. ನೋಡಲು ಒಡವೆಯ ಹಾಗಿತ್ತು.

ಅದನ್ನು ತರಿಸಲಿಲ್ಲ. ತಡೆದವರು ಬೆಳಗಾವಿಯಲ್ಲಿ ಹಿಂದೆ ಟಾಂಗಾ ಓಡಿಸುತ್ತಿದ್ದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಮಾಮಾ ಎನ್ನುತ್ತೇವೆ. ಕುದುರೆ ನೋಡಲು ಕರೆದುಕೊಂಡು ಹೋದೆವು. ಅವರು ಜೀನು ಕೇಳಲಿಲ್ಲ, ಓಡಿಸಿ ತೋರಿಸಿ ಅನ್ನಲಿಲ್ಲ. ನೇರ ಹೋಗಿ ಚಂದ್ರಿಯ ತುಟಿಯ ಮೂಲೆಯಲ್ಲಿ ಹೆಬ್ಬೆರಳು ತೂರಿಸಿ ಬಾಯಿ ತೆರೆಸಿದರು.

“ಇಲ್ಲಿ ಬಾ ಯವ್ವಾ, ನೋಡು. ಬಾಯಿ ಗಟ್ಟಿ ಇಲ್ಲ ಇದರದು, ಬಾಯಿ ನೋಯಾಕತ್ತೈತಿ. ನೋವಾದ್ರ ನೀ ನಿಲ್ತಿಯೋ, ಓಡ್ತಿಯೋ?”

“ಓಡ್ತೇನ್ರಿ ಮಾಮಾ.”

“ಹಂಗ ಅದೂ ಓಡ್ತೈತಿ.”

ತುಟಿಯ ಎರಡೂ ಮೂಲೆಯಲ್ಲಿ ಬಿಳಿಯ ಗಡುಸು ಗೆರೆ, ಒಂದು ಕಡೆ ಹಸಿ ಗಾಯ. ಕೆಳದವಡೆಯ ಒಸಡಿನ ಮೇಲೆ ಬೆರಳಾಡಿಸಿದಾಗ ಅದು ತಲೆ ಕೊಡವಿ ಹಿಂದೆ ಸರಿಯಿತು. ಅಲ್ಲಿ ಎಲುಬು ಗಂಟುಗಟ್ಟಿದೆ ಅಂದರು ಮಾಮಾ.

ಕಡಿವಾಣದ ಆಯ್ಕೆ ಆ ಒಸಡಿನಿಂದಲೇ ಶುರುವಾಗಬೇಕು. ಕುದುರೆಯ ಬಾಯಲ್ಲಿ ಮುಂದೆ ಹುಲ್ಲು ಕತ್ತರಿಸುವ ಹಲ್ಲುಗಳು, ಹಿಂದೆ ಅರೆಯುವ ದವಡೆ ಹಲ್ಲುಗಳು. ಎರಡರ ನಡುವೆ ಹಲ್ಲಿಲ್ಲದ ಖಾಲಿ ಜಾಗವಿದೆ. ಗಂಡು ಕುದುರೆಗೆ ಆ ಜಾಗದ ಮುಂಭಾಗದಲ್ಲಿ ಕೋರೆಹಲ್ಲು ಇರುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ ಯಾರೋ ಈ ಖಾಲಿ ಜಾಗ ಕಂಡು ‘ಇಲ್ಲಿ ಏನಾದರೂ ಇಡಬಹುದು’ ಅಂದುಕೊಂಡದ್ದರಿಂದಲೇ ಮನುಷ್ಯ ಕುದುರೆ ಏರಿ ದೇಶ ದೇಶ ತಿರುಗಿದ್ದು. ಆದರೆ ಜಾಗ ಖಾಲಿ ಅಂದಮಾತ್ರಕ್ಕೆ ಗಟ್ಟಿಯಲ್ಲ. ಅಲ್ಲಿ ದವಡೆಯ ಎಲುಬು ಚೂಪಾದ ಏಣಿನ ಹಾಗಿದ್ದು, ಮೇಲೆ ತೆಳು ಒಸಡಷ್ಟೇ ಹೊದಿಕೆ. ನಮ್ಮ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ಮಂಚದ ಅಂಚಿಗೆ ಬಡಿದರೆ ಹೇಗಿರುತ್ತದೆ ನೆನಪಿಸಿಕೊಳ್ಳಿ. ಇನ್ನು ನಾಲಗೆ: ಬಾಯಿ ಮುಚ್ಚಿದಾಗ ಒಳಗಿನ ಜಾಗವನ್ನು ಬಹುತೇಕ ಅದೇ ತುಂಬಿಕೊಂಡಿರುತ್ತದೆ. ಕಡಿವಾಣಕ್ಕೆಂದು ಪ್ರತ್ಯೇಕ ಜಾಗವೇ ಇಲ್ಲ. ಅದು ನಾಲಗೆಯನ್ನು ಒತ್ತಿಯೇ ಕೂರಬೇಕು.

ಆದ್ದರಿಂದ ಮೊದಲ ಖರ್ಚು ಅಂಗಡಿಗಲ್ಲ, ಪಶುವೈದ್ಯರಿಗೆ. ಕುದುರೆಯ ಹಲ್ಲು ಜೀವಮಾನವಿಡೀ ಒಸಡಿನಿಂದ ಮೇಲೆ ಬರುತ್ತಾ, ಅರೆದಂತೆ ಸವೆಯುತ್ತಾ ಇರುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸವೆಯದೆ ಉಳಿದು ಅಲಗಿನಂತೆ ಹರಿತವಾಗುತ್ತವೆ. ಲಗಾಮು ಎಳೆದಾಗ ಕೆನ್ನೆಯ ಒಳಭಾಗ ಆ ಅಲಗಿಗೆ ಒತ್ತುತ್ತದೆ. ವರ್ಷಕ್ಕೊಮ್ಮೆಯಾದರೂ ತೋರಿಸಿ ಅರದಿಂದ ಉಜ್ಜಿಸಬೇಕು. ಇನ್ನೊಂದು, ದವಡೆ ಹಲ್ಲಿನ ಮುಂದೆ ಹುಟ್ಟುವ ಪುಟ್ಟ ‘ತೋಳದ ಹಲ್ಲು’. ಎಲ್ಲ ಕುದುರೆಗೂ ಇರುವುದಿಲ್ಲ. ಇದ್ದರೆ ಕಡಿವಾಣ ಹೋಗಿ ಬಡಿಯುವುದು ಸರಿಯಾಗಿ ಅದಕ್ಕೇ. ಚಂದ್ರಿಗೆ ಎರಡೂ ಇದ್ದವು. ಡಾಕ್ಟರು ಮಂಪರಿನ ಸೂಜಿ ಕೊಟ್ಟು ಅಂಚು ಉಜ್ಜಿ, ಎಡಗಡೆಯ ತೋಳದ ಹಲ್ಲು ಕಿತ್ತರು. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಇಷ್ಟು ದಿನ ‘ಹಠಮಾರಿ’ ಅನ್ನಿಸಿಕೊಂಡ ಕುದುರೆಯ ಅರ್ಧ ಹಠ ಆ ಹಲ್ಲಿನ ಜೊತೆ ಹೋಯಿತು.

ಆಮೇಲೆ ನಾಲ್ಕು ವಾರ ಬಾಯಿಗೆ ಏನೂ ಹಾಕಲಿಲ್ಲ. ಮೂಗಿನ ಮೇಲೆ ಕೂರುವ ಹಗ್ಗದ ಹಲ್ಟರ್ ಕಟ್ಟಿ, ಬೇಲಿಯೊಳಗಿನ ಅಂಗಳದಲ್ಲಿ ನಡೆಸಿದ್ದಷ್ಟೇ. ಕಡಿವಾಣವಿಲ್ಲದೆ ಕುದುರೆ ನಿಲ್ಲುತ್ತದೆಯೇ ಎಂದು ಕೇಳುವವರಿಗೆ ನಾನು ಹೇಳುವುದು: ಹಲ್ಟರಿನಲ್ಲಿ ನಿಲ್ಲಲು ಕಲಿಯದ ಕುದುರೆ ಕಬ್ಬಿಣ ಹಾಕಿದರೂ ನಿಲ್ಲಲು ಕಲಿಯುವುದಿಲ್ಲ, ಹೆದರಲು ಕಲಿಯುತ್ತದೆ.

ಈಗ ವೆಸ್ಟರ್ನ್ ಸವಾರಿಯ ಮಾತು. ಅಮೆರಿಕದ ದನಗಾಹಿಗಳು ಇದನ್ನು ಮೆಕ್ಸಿಕೋದ ಸ್ಪ್ಯಾನಿಷ್ ಮೂಲದ ದನಗಾಹಿಗಳಿಂದ, ಅಂದರೆ ‘ವಾಕೆರೋ’ಗಳಿಂದ ಕಲಿತರು. ದನ ಹಿಡಿಯುವ ಹಗ್ಗ ಒಂದು ಕೈಯಲ್ಲಿರಬೇಕು, ಹಾಗಾಗಿ ಲಗಾಮು ಇನ್ನೊಂದು ಕೈಗೆ. ಕುದುರೆ ಬಾಯಿಯ ಎಳೆತದಿಂದಲ್ಲ, ಕುತ್ತಿಗೆಗೆ ಲಗಾಮು ತಾಕಿದ್ದಕ್ಕೇ ತಿರುಗಬೇಕು. ಹಾಗೆ ಸಂಪೂರ್ಣ ಪಳಗಿದ ಕುದುರೆಗೆ ಮಾತ್ರ ಉದ್ದ ಕಂಬಿಯ ಕರ್ಬ್ ಕಡಿವಾಣ. ಅಲ್ಲಿಗೆ ಮುಟ್ಟಲು ವರ್ಷಗಳೇ ಬೇಕು. ವಾಕೆರೋಗಳು ಎಳೆಯ ಕುದುರೆಗೆ ಮೊದಲು ಬಾಯಿಗೆ ಏನೂ ಹಾಕದೆ, ಹೆಣೆದ ಚರ್ಮದ ಮೂಗುಪಟ್ಟಿ ‘ಬೋಸಾಲ್’ ಕಟ್ಟಿ ಕಲಿಸುತ್ತಿದ್ದರು. ನಂತರ ಬೋಸಾಲ್ ಮತ್ತು ಕಡಿವಾಣ ಎರಡನ್ನೂ ಒಟ್ಟಿಗೆ ಹಾಕಿ ಕೆಲಕಾಲ. ಕೊನೆಗೆ ಕಡಿವಾಣವೊಂದೇ. ಅಮೆರಿಕದ ಇತರ ಕಡೆ ಸ್ನ್ಯಾಫಲ್‌ನಿಂದ ಶುರು ಮಾಡಿ ಕರ್ಬ್‌ಗೆ ಹೋಗುವ ರೂಢಿ ಬೆಳೆಯಿತು. ಸಿನಿಮಾದಲ್ಲಿ ನಾವು ನೋಡುವುದು ಕೊನೆಯ ಹಂತದ ಕುದುರೆಯನ್ನು ಮಾತ್ರ. ಅದರ ಬಾಯಲ್ಲಿರುವುದನ್ನು ನೋಡಿ ಮೊದಲ ಹಂತದ ಕುದುರೆಗೆ ಕೊಂಡುಬಿಡುತ್ತೇವೆ. ಎಂ.ಎ. ಪುಸ್ತಕ ಒಂದನೇ ಇಯತ್ತೆಯ ಪಾಟೀಚೀಲಕ್ಕೆ ಹಾಕಿದ ಹಾಗೆ.

ಸ್ನ್ಯಾಫಲ್ ಮತ್ತು ಕರ್ಬ್‌ಗಿರುವ ವ್ಯತ್ಯಾಸ ತಿಳಿಯಲು ಲೆಕ್ಕ ಬೇಕು, ಗಾಬರಿಯಾಗಬೇಡಿ, ಹಾರೆಯ ಲೆಕ್ಕವೇ. ಸ್ನ್ಯಾಫಲ್‌ನಲ್ಲಿ ಲಗಾಮು ಬಾಯಿಯ ಪಕ್ಕದ ಬಳೆಗೇ ಕಟ್ಟಿರುತ್ತದೆ. ಕೈಯಲ್ಲಿ ಒಂದು ಕಿಲೋ ಎಳೆದರೆ ಬಾಯಿಗೆ ಒಂದು ಕಿಲೋ. ಬಲ ಎಳೆದರೆ ಬಲಕ್ಕೆ, ಎಡ ಎಳೆದರೆ ಎಡಕ್ಕೆ, ಸಂದೇಶ ಸ್ಪಷ್ಟ. ಕರ್ಬ್‌ನಲ್ಲಿ ಲಗಾಮು ಕಂಬಿಯ ಕೆಳತುದಿಗೆ ಕಟ್ಟುತ್ತಾರೆ, ಗದ್ದದ ಹಿಂದೆ ಸರಪಳಿ ಇರುತ್ತದೆ. ಬಾಯಿಯಿಂದ ಮೇಲಕ್ಕೆ ಕಂಬಿ ಎರಡು ಇಂಚು, ಕೆಳಕ್ಕೆ ಆರು ಇಂಚು ಇದೆ ಅನ್ನಿ. ಕೈಯಲ್ಲಿ ಒಂದು ಕಿಲೋ ಎಳೆದರೆ ಗದ್ದದ ಸರಪಳಿಗೆ ಸುಮಾರು ಮೂರು ಕಿಲೋ, ಬಾಯೊಳಗೆ ಸುಮಾರು ನಾಲ್ಕು ಕಿಲೋ. ಹೊಸ ಸವಾರ ಸಮತೋಲ ತಪ್ಪಿದಾಗ ಮೊದಲು ಹಿಡಿಯುವುದು ಲಗಾಮನ್ನೇ. ಆಗ ಕೈಯ ಭಾರ ಒಂದು ಕಿಲೋ ಇರುವುದಿಲ್ಲ, ಹತ್ತೂ ಆದೀತು. ನಾಲ್ಕರಿಂದ ಗುಣಿಸಿ ನೋಡಿ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತೇನೆ. ನಡುವೆ ಕೀಲಿದ್ದರೆ ಅದು ಸ್ನ್ಯಾಫಲ್ ಅಂತ. ಅಲ್ಲ. ನಡುವೆ ಕೀಲಿದ್ದು ಬದಿಗೆ ಉದ್ದ ಕಂಬಿಯೂ ಇದ್ದರೆ ಅದು ಸನ್ನೆಗೋಲೇ, ಅಂಗಡಿಯವರು ‘ಸ್ನ್ಯಾಫಲ್’ ಎಂದು ಚೀಟಿ ಅಂಟಿಸಿದರೂ ಸರಿ. ಕೀಲಿನ ಲೆಕ್ಕ ಬಿಡಿ, ಲಗಾಮು ಎಲ್ಲಿ ಕಟ್ಟುತ್ತದೆ ನೋಡಿ.

ಚಂದ್ರಿಯಂಥ ಕುದುರೆಗೆ ಸ್ನ್ಯಾಫಲ್ ಬೇಕೆನ್ನಲು ಸುರಕ್ಷತೆಯ ಕಾರಣವೂ ಇದೆ. ಓಡುವ ಕುದುರೆಯನ್ನು ಎರಡೂ ಲಗಾಮು ಎಳೆದು ನಿಲ್ಲಿಸಲು ಹೋದರೆ ಅದು ಕಡಿವಾಣದ ಮೇಲೆ ಒರಗಿ ಜಗ್ಗುತ್ತದೆ. ಮುನ್ನೂರು ಕಿಲೋ ಜೀವದ ಮುಂದೆ ನಮ್ಮ ತೋಳು ಯಾವ ಲೆಕ್ಕ? ಶರ್ಯತ್ತಿನ ಕುದುರೆಗಂತೂ ಬಿಗಿ ಲಗಾಮು ಅಂದರೆ ಓಟ ಎಂಬ ಅಭ್ಯಾಸವೇ ಆಗಿರುತ್ತದೆ. ಒಂದೇ ಲಗಾಮನ್ನು ಮೆಲ್ಲಗೆ ಬದಿಗೆ ತಂದರೆ ತಲೆ ತಿರುಗುತ್ತದೆ, ಹಿಂಗಾಲು ಅಡ್ಡ ಬೀಳುತ್ತದೆ, ಓಟದ ಬಲ ಮುರಿಯುತ್ತದೆ. ಇದನ್ನು ಮೊದಲು ನಿಂತಲ್ಲೇ, ಆಮೇಲೆ ನಡಿಗೆಯಲ್ಲಿ, ದಿನವೂ ಎರಡೂ ಬದಿಗೆ ಕಲಿಸಬೇಕು. ಕಲಿಸದೆ ಇಕ್ಕಟ್ಟಿನ ರಸ್ತೆಯಲ್ಲಿ ಜೋರು ಓಟದಲ್ಲಿದ್ದಾಗ ಒಮ್ಮೆಲೇ ತಿರುಗಿಸಿದರೆ ಕುದುರೆ ಸವಾರ ಇಬ್ಬರೂ ಮಗುಚುತ್ತಾರೆ. ಉದ್ದ ಕಂಬಿಯ ಕರ್ಬ್‌ನಲ್ಲಿ ಈ ಪಾಠ ಸರಿಯಾಗಿ ಬರುವುದಿಲ್ಲ. ಒಂದು ಬದಿ ಎಳೆದರೆ ಇಡೀ ಸಾಮಾನು ಬಾಯಲ್ಲಿ ಸೊಟ್ಟಗಾಗಿ ಕುದುರೆಗೆ ಏನೂ ತಿಳಿಯುವುದಿಲ್ಲ.

ಅಳತೆ ತೆಗೆಯುವುದು ಸುಲಭ. ಬಳೆ ಅಂಗಡಿಗೆ ಹೋದವರಿಗೆ ಹೇಳಿಕೊಡಬೇಕಿಲ್ಲ, ಸಣ್ಣದಾದರೆ ಗಾಯ, ದೊಡ್ಡದಾದರೆ ಜಾರಾಟ. ಒಂದು ದಾರವನ್ನು ಕಡಿವಾಣ ಕೂರುವ ಕಡೆ ಬಾಯಲ್ಲಿ ಅಡ್ಡ ಹಿಡಿದು, ಎರಡೂ ತುಟಿಯ ಹೊರಗೆ ಗುರುತು ಹಾಕಿ, ಬಿಗಿಯಾಗಿ ಚಾಚಿ ಅಳೆಯಿರಿ. ಬದಿಯ ಬಳೆ ಅಲುಗಾಡದ ಜಾತಿಯದಾದರೆ ಆ ಅಳತೆಗೆ ಕಾಲು ಇಂಚು ಕೂಡಿಸಿ. ತೂತಿನಲ್ಲಿ ಸುತ್ತಾಡುವ ಸಡಿಲ ಬಳೆಯಾದರೆ ಅರ್ಧ ಇಂಚು, ಇಲ್ಲವಾದರೆ ತುಟಿಯ ಚರ್ಮ ಬಳೆಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಜಾತಿ ಕುದುರೆಗೆ ಸಾಮಾನ್ಯವಾಗಿ ಐದು ಇಂಚಿನ ಆಸುಪಾಸು ಬರುತ್ತದೆ, ಅಂಗಡಿಯಲ್ಲಿ ಹೇರಳವಾಗಿ ಸಿಗುವುದೂ ಅದೇ. ನಮ್ಮ ನಾಡತಳಿಯ ಕುದುರೆಗಳಿಗೆ ಅದು ದೊಡ್ಡದು. ಚಂದ್ರಿಯ ಬಾಯಿ ನಾಲ್ಕೂಕಾಲು ಇಂಚು, ತಂದದ್ದು ನಾಲ್ಕೂವರೆ ಇಂಚಿನದು.

ದಪ್ಪದ ವಿಷಯದಲ್ಲಿ ‘ದಪ್ಪನೆಯದು ಮೃದು’ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ತೆಳು ತಂತಿ ಕೊರೆಯುತ್ತದೆ, ನಿಜ. ಆದರೆ ನಾಲಗೆ ದಪ್ಪಗಿರುವ ಸಣ್ಣ ಬಾಯಿಗೆ ಹೆಬ್ಬೆರಳಿನಷ್ಟು ದಪ್ಪದ ಕಂಬಿ ತುರುಕಿದರೆ ಬಾಯಿ ಮುಚ್ಚಲಿಕ್ಕೇ ಆಗುವುದಿಲ್ಲ. ನಾವು ಆರಿಸಿದ್ದು ಹದಿನಾಲ್ಕು ಮಿಲಿಮೀಟರಿನದು. ನಡುವೆ ಅವರೆಕಾಳಿನಂಥ ಸಣ್ಣ ಗುಂಡು, ಅದರ ಎರಡು ಬದಿಗೆ ಕೀಲು. ಒಂದೇ ಕೀಲಿನದು ಬಿಗಿಯಾಗಿ ಎಳೆದಾಗ ಅಡಕತ್ತರಿಯಂತೆ ಮಡಚಿ ನಾಲಗೆಯನ್ನು ಇಕ್ಕುತ್ತದೆ. ಎರಡು ಕೀಲಿನದು ನಾಲಗೆಯ ಮೇಲೆ ಹಾಸಿದ ಹಾಗೆ ಕೂರುತ್ತದೆ. ಇದು ಚಂದ್ರಿಗೆ ಹೊಂದಿತು. ನಿಮ್ಮ ಕುದುರೆಗೆ ಕೀಲೇ ಇಲ್ಲದ, ತುಸು ಬಾಗಿದ ಕಂಬಿ ಹೊಂದಬಹುದು. ಬಾಯಿ ಹೇಳಿದ್ದೇ ಕೊನೆ.

ಲೋಹದಲ್ಲಿ ಸ್ಟೇನ್‌ಲೆಸ್ ಸ್ಟೀಲು ಕಣ್ಣುಮುಚ್ಚಿ ಕೊಳ್ಳಬಹುದು. ‘ಸ್ವೀಟ್ ಐರನ್’ ಎಂದು ಮಾರುವ ಮೆದು ಕಬ್ಬಿಣ ಬೇಕೆಂದೇ ತುಕ್ಕು ಹಿಡಿಯುವಂಥದ್ದು, ಆ ರುಚಿಗೆ ಕುದುರೆಯ ಬಾಯಲ್ಲಿ ಜೊಲ್ಲು ಬರುತ್ತದೆ. ಜೊಲ್ಲು ಬಂದ ಬಾಯಿ ಒರಟಾಗುವುದಿಲ್ಲ. ಆದರೆ ಖಾನಾಪುರದ ಮಳೆಗಾಲದಲ್ಲಿ ತುಕ್ಕು ರುಚಿಗಷ್ಟೇ ನಿಲ್ಲುವುದಿಲ್ಲ, ಚಕ್ಕೆ ಏಳುತ್ತದೆ. ನಿಕ್ಕಲ್ ಲೇಪದ ಅಗ್ಗದವನ್ನು ಮುಟ್ಟಬೇಡಿ, ಲೇಪ ಸುಲಿದರೆ ಬ್ಲೇಡು. ಅಂದಹಾಗೆ ಜೀನು, ಲಗಾಮು ಸಾಮಾನಿಗೆ ವಿಲಾಯತಿ ಹೆಸರು ನೋಡಿ ಮರುಳಾಗಬೇಕಿಲ್ಲ. ಇವುಗಳ ದೊಡ್ಡ ತವರು ನಮ್ಮ ಕಾನ್ಪುರವೇ. ಅಲ್ಲಿಂದ ಹೊರದೇಶಕ್ಕೆ ಹೋಗುತ್ತವೆ.

ಜೀನಿನ ಮಾತು ಬಂತು, ಇದೊಂದು ಹೇಳಿ ಮುಂದೆ ಹೋಗುತ್ತೇನೆ. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಬಾರದು ಎಂಬುದು ರೂಢಿಯ ಲೆಕ್ಕ. ವೆಸ್ಟರ್ನ್ ಜೀನು ಹದಿನೈದು ಕಿಲೋ ತೂಗುವುದೂ ಉಂಟು. ಮುನ್ನೂರು ಕಿಲೋ ಕುದುರೆಗೆ ಜೀನು ಕಳೆದರೆ ಉಳಿಯುವುದು ನಲವತ್ತೈದು. ಹುಡುಗಿ ಪಾಸಾದಳು. ಅಣ್ಣ ಈ ಲೆಕ್ಕ ಕೇಳಿದ ದಿನವೇ “ನಾ ಹಿಂದ ನಡಕೋತ ಬರ್ತೇನಿ ಬಿಡು” ಅಂದ.

ಕಡಿವಾಣ ತಂದ ದಿನವೇ ಹಾಕಿ ಏರಬಾರದು. ಪರಿಚಯ ಮಾಡಿಸಬೇಕು, ಹೊಸ ಸೊಸೆಗೆ ಮನೆ ತೋರಿಸಿದ ಹಾಗೆ, ಒಂದೊಂದೇ ಕೋಣೆ. ಮೊದಲೆರಡು ದಿನ ಕಡಿವಾಣವಿಲ್ಲದ ಬರೀ ತಲೆಪಟ್ಟಿ ಹಾಕಿ ತೆಗೆದೆವು. ಕಿವಿಯ ಮೇಲೆ ಕೈ ಹೋದರೆ ಬೆದರುವ ಕುದುರೆ ಬಹಳ. ಆ ಬೆದರಿಕೆ ಇರುವಷ್ಟು ದಿನ ಬಾಯಿಯ ಪಾಠ ಶುರು ಮಾಡಿ ಪ್ರಯೋಜನವಿಲ್ಲ. ಜೊತೆಗೆ ದಿನಕ್ಕೆ ನಾಲ್ಕೈದು ಸಲ ತುಟಿಯ ಮೂಲೆಯಲ್ಲಿ ಹೆಬ್ಬೆರಳು ಇಟ್ಟು, ಬಾಯಿ ತೆರೆದ ಕೂಡಲೇ ತೆಗೆದು ಕತ್ತು ಸವರುವುದು. ಅಲ್ಲಿ ಹಲ್ಲಿಲ್ಲ, ಕಚ್ಚೀತೆಂಬ ಭಯ ಬೇಡ. ಬೆರಳು ಮುಂದಕ್ಕೆ ಜಾರದಿದ್ದರೆ ಆಯಿತು.

ಮೂರನೇ ದಿನ ಕಡಿವಾಣಕ್ಕೆ ಬೆಲ್ಲದ ಪಾಕ ಸವರಿದೆವು. ಡಿಸೆಂಬರಿನ ಬೆಳಿಗ್ಗೆ ಆ ಕಡೆ ಚಳಿ ಜೋರು, ಲೋಹ ಮಂಜುಗಡ್ಡೆಯಾಗಿರುತ್ತದೆ. ಅದಕ್ಕೆ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಕುದುರೆಯ ಎಡಕ್ಕೆ ನಿಂತು, ಬಲಗೈಯಿಂದ ತಲೆಪಟ್ಟಿಯನ್ನು ಹಣೆಯ ಮೇಲೆ ಎತ್ತಿ ಹಿಡಿದು, ಎಡಗೈಯ ಬೆರಳುಗಳ ಮೇಲೆ ಕಡಿವಾಣ ಮಲಗಿಸಿ, ಹೆಬ್ಬೆರಳಿನಿಂದ ಬಾಯಿ ತೆರೆಸಿ, ಮೇಲಕ್ಕೆ ಎತ್ತಿಕೊಳ್ಳುವುದು. ತುರುಕುವುದಲ್ಲ. ಮುಂಹಲ್ಲಿಗೆ ಟಕ್ ಎಂದು ಒಮ್ಮೆ ಬಡಿದರೆ ಎಂಟು ದಿನದ ಕೆಲಸ ಹಾಳು. ಚಂದ್ರಿ ಮೊದಲ ಸಲ ತಲೆ ಅಲ್ಲಾಡಿಸಿ ದೂರ ಹೋಯಿತು. ಹುಡುಗಿ ಅಲ್ಲೇ ಕೂತಳು, ಬೆಲ್ಲದ ಕೈ ಚಾಚಿಕೊಂಡು. ಹತ್ತು ನಿಮಿಷ ಬಿಟ್ಟು ಅದೇ ಬಂದು ಮೂಸಿತು.

ಹಾಕಿದ ಮೇಲೆ ಎತ್ತರ ಹೊಂದಿಸಬೇಕು. ತುಟಿಯ ಮೂಲೆಗೆ ತಾಕಿ ಒಂದು ಸಣ್ಣ ಸುಕ್ಕು ಬಿದ್ದರೆ ಸಾಕು. ಮೂರು ನಾಲ್ಕು ಸುಕ್ಕು ಬಿದ್ದು ಕುದುರೆ ನಗುತ್ತಿರುವಂತೆ ಕಂಡರೆ ಅದು ನಗುವಲ್ಲ. ತೀರಾ ಕೆಳಗಾದರೆ ಮುಂಹಲ್ಲಿಗೆ ಬಡಿಯುತ್ತದೆ, ನಾಲಗೆಯನ್ನು ಮೇಲೆ ಹಾಕಿಕೊಳ್ಳುವ ಚಟವೂ ಬರುತ್ತದೆ. ಮೊದಲ ದಿನಗಳಲ್ಲಿ ಲಗಾಮೇ ಕಟ್ಟದೆ, ಲಾಯದಲ್ಲಿ ಕಣ್ಣೆದುರಿಗೇ ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆದೆವು. ಅದು ಜಗಿಯುತ್ತದೆ, ನಾಲಗೆಯಿಂದ ತಿರುಗಿಸುತ್ತದೆ, ಸುಮ್ಮನಾಗುತ್ತದೆ. ತೆಗೆಯುವಾಗ ಇನ್ನೂ ನಿಧಾನ. ಅದು ತಾನೇ ಬಾಯಿ ತೆರೆದು ಉಗುಳುವವರೆಗೆ ಕಾಯಬೇಕು. ಕಡಿವಾಣಕ್ಕೆ ಹಗ್ಗ ಬಿಗಿದು ಗಿಡಕ್ಕೆ ಕಟ್ಟುವುದಂತೂ ಎಂದೆಂದಿಗೂ ಬೇಡ. ಬೆದರಿ ಹಿಂದಕ್ಕೆ ಜಗ್ಗಿದರೆ ದವಡೆಯೇ ಮುರಿದೀತು. ಕಟ್ಟಲು ಹಲ್ಟರ್ ಇದೆ.

ಎರಡನೇ ವಾರ ನೆಲದ ಮೇಲೆ ನಿಂತು, ಲಗಾಮನ್ನು ಬೆರಳಲ್ಲಿ ಹಿಂಡಿದಷ್ಟು ಒತ್ತುವುದು; ಮೂಗು ಒಂದು ಇಂಚು ತಿರುಗಿದರೂ ಆ ಕ್ಷಣವೇ ಸಡಿಲ ಬಿಡುವುದು. ಕುದುರೆ ಕಲಿಯುವುದು ಎಳೆತದಿಂದಲ್ಲ, ಬಿಟ್ಟದ್ದರಿಂದ. ಬಿಡುವುದು ತಡವಾದರೆ ಅದಕ್ಕೆ ತಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ನಾನು ಕಂಡಂತೆ ಗಂಡಸರಿಗೆ ಈ ಭಾಗ ಕಷ್ಟ. ಮೂರನೇ ವಾರ ಹಲ್ಟರಿನ ಮೇಲೆಯೇ ಕಡಿವಾಣ ಹಾಕಿ ಎರಡು ಜೊತೆ ಲಗಾಮು ಕಟ್ಟಿ, ಹೆಲ್ಮೆಟ್ ತೊಡಿಸಿ, ಅಂಗಳದಲ್ಲೇ ಸವಾರಿ. ಮಾತು ಹಲ್ಟರಿನ ಲಗಾಮಿನಲ್ಲಿ, ಅದರ ಹಿಂದೆಯೇ ಮೆಲ್ಲಗೆ ಕಡಿವಾಣದಲ್ಲಿ. ವಾಕೆರೋಗಳ ಎರಡು ಲಗಾಮಿನ ಪದ್ಧತಿಯ ನಮ್ಮ ಬಡ ಆವೃತ್ತಿ ಅನ್ನಿ.

ಹೊಂದಿಲ್ಲ ಎಂಬುದನ್ನು ಕುದುರೆ ಹೇಳುತ್ತದೆ. ಬಾಯಿ ತೆರೆದೇ ಇರುವುದು, ನಾಲಗೆ ಹೊರಗೆ ಜೋತುಬೀಳುವುದು, ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಬಾಲ ಬೀಸುತ್ತಲೇ ಇರುವುದು, ತಲೆಪಟ್ಟಿ ಕಂಡರೆ ಮುಖ ತಿರುಗಿಸುವುದು. ಆಗ ಕೆಲವರು ಮೂಗಿಗೆ ಇನ್ನೊಂದು ಪಟ್ಟಿ ಬಿಗಿದು ಬಾಯಿ ಮುಚ್ಚಿಸುತ್ತಾರೆ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಜೊಲ್ಲಿನಲ್ಲಿ ಕೆಂಪು ಕಂಡರಂತೂ ಆ ದಿನದ ಸವಾರಿ ಅಲ್ಲಿಗೇ ಮುಗಿಯಬೇಕು.

ಇಷ್ಟೆಲ್ಲ ಹೇಳಿ ಮುಳ್ಳಿನ ಕಡಿವಾಣದ ಮಾತು ಬಿಟ್ಟರೆ ಆಗದು. ಬಾಯಿಯ ಬದಿಗೆ ಬರುವ ಬಿಲ್ಲೆಗಳಿಗೆ, ಕೆಲವಕ್ಕೆ ಕಂಬಿಗೂ, ಮೊಳೆಯಂಥ ಮುಳ್ಳು ಕೂಡಿಸಿದ ಕಡಿವಾಣಗಳು ನಮ್ಮ ದೇಶದಲ್ಲಿ ಟಾಂಗಾ, ಮದುವೆ, ಶರ್ಯತ್ತಿನ ಕುದುರೆಗಳ ಬಾಯಲ್ಲಿ ಇಂದಿಗೂ ಸಿಗುತ್ತವೆ. ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳು ಮುಳ್ಳು, ಗುಬಟು, ಚೂಪು ಇರುವ ಕಡಿವಾಣವನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಓಡಿಸಲಿಕ್ಕಾಗಲಿ, ಸವಾರಿಗಾಗಲಿ ಬಳಸುವಂತಿಲ್ಲ. ಆದರೆ ಮೂಲ ಕಾಯ್ದೆ 1960ರದು, ಅದರಲ್ಲಿ ಪ್ರಾಣಿಗೆ ಕ್ರೌರ್ಯ ಎಸಗಿದ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಈಗ ಬೆಳಗಾವಿಯಲ್ಲಿ ಕಾಲು ಕಿಲೋ ಕುಂದಾ ಕೂಡ ಬರುವುದಿಲ್ಲ. ಇದು ಇಂದಿನ ಪಾಪವೂ ಅಲ್ಲ. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫನ್ ಸವಾರಿ ಕುರಿತು ಪುಸ್ತಕ ಬರೆದಾಗ ನಯವಾದದ್ದೊಂದು, ಚೂಪಾದದ್ದೊಂದು ಎಂದು ಎರಡು ಕಡಿವಾಣ ಹೇಳಿದ್ದ. ಅದೇ ಪುಸ್ತಕದಲ್ಲಿ ಬಲವಂತದಿಂದ ಮಾಡಿಸಿದ್ದರಲ್ಲಿ ಅಂದವಿಲ್ಲ ಎಂಬರ್ಥದ ಮಾತೂ ಇದೆ. ಎರಡರಲ್ಲಿ ಮೊದಲನೆಯದನ್ನೇ ನಮ್ಮವರು ಹೆಚ್ಚು ನೆನಪಿಟ್ಟುಕೊಂಡ ಹಾಗಿದೆ.

ಚಂದ್ರಿಯನ್ನು ಕೊಟ್ಟವರು ಜೊತೆಗೆ ಕೊಟ್ಟಿದ್ದ ಹಳೆಯ ಸಾಮಾನಿನ ಬಿಲ್ಲೆಯ ಒಳಬದಿಯಲ್ಲಿ ಸವೆದ ಮುಳ್ಳಿನ ಸಾಲಿತ್ತು. ಮಾಮಾ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದನ್ನ ಯಾರಿಗೂ ಮಾರಬ್ಯಾಡ್ರಿ, ಒಗೀಲೂ ಬ್ಯಾಡ್ರಿ. ಮತ್ತೊಬ್ಬರು ಆರಿಸಿ ಹಾಕ್ತಾರ” ಅಂದರು. ಖಾನಾಪುರದ ಒಬ್ಬ ಕಮ್ಮಾರರ ಹತ್ತಿರ ಕೊಟ್ಟು ಕುಲುಮೆಗೆ ಹಾಕಿಸಿದೆವು.

ಹಾಗಾದರೆ ವೆಸ್ಟರ್ನ್ ಕರ್ಬ್ ಯಾವಾಗ? ಹುಡುಗಿ ನನ್ನನ್ನೂ ಇದೇ ಕೇಳುತ್ತಿರುತ್ತಾಳೆ: “ಕಾಕಾ, ಒಂದ ಕೈಲೆ ಯಾವಾಗ ಹೊಡೀಲಿ?” ಸ್ನ್ಯಾಫಲ್‌ನಲ್ಲಿ ಎರಡು ಕೈಯಿಂದ ಸಡಿಲ ಲಗಾಮಿನಲ್ಲಿ ನಡಿಗೆ, ಜಾಗಿಂಗ್, ಓಟ ಮೂರರಲ್ಲೂ ನಿಲ್ಲಬೇಕು, ತಿರುಗಬೇಕು, ಹಿಂದೆ ಸರಿಯಬೇಕು. ಕುತ್ತಿಗೆಗೆ ಲಗಾಮು ತಾಕಿದರೆ ತಿರುಗುವುದನ್ನೂ ಸ್ನ್ಯಾಫಲ್‌ನಲ್ಲೇ ಕಲಿಸಬಹುದು. ಸವಾರಳ ಕೈ ಅವಳ ಮೈಯ ಕುಲುಕಾಟದಿಂದ ಬೇರೆಯಾಗಿರಬೇಕು. ಆಮೇಲೆ ಬೇಕಿದ್ದರೆ ಗಿಡ್ಡ ಕಂಬಿಯ, ನಾಲಗೆಗೆ ಸ್ವಲ್ಪ ಜಾಗ ಬಿಟ್ಟ ಕರ್ಬ್. ಗದ್ದದ ಸರಪಳಿಯೊಳಗೆ ಎರಡು ಬೆರಳು ಹೋಗಬೇಕು, ಎಳೆದಾಗ ಕಂಬಿ ಸುಮಾರು ನಲವತ್ತೈದು ಡಿಗ್ರಿ ಹಿಂದೆ ಬಂದ ಮೇಲೆ ಸರಪಳಿ ಬಿಗಿಯಬೇಕು. ಎರಡು ಕೈಯಿಂದ ಆಚೀಚೆ ಎಳೆಯುವ ಹಾಗಿಲ್ಲ. ಚಂದ್ರಿಯ ದವಡೆಯ ಆ ಗಂಟು ನೋಡಿದರೆ ಅದಕ್ಕೆ ಕರ್ಬ್ ಯಾವತ್ತೂ ಬೇಡವೆಂದೇ ನನ್ನ ಅಭಿಪ್ರಾಯ. ಡಾಕ್ಟರೂ ಅದನ್ನೇ ಹೇಳಿದ್ದಾರೆ. ಹುಡುಗಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಈಗ ತೋಟದ ಬೇಲಿಯಿಂದ ಹೊಳೆಯ ದಾರಿಯವರೆಗೆ ಹೋಗಿ ಬರುತ್ತಾಳೆ, ಕೈ ಎತ್ತಿ “ಹೋ” ಅಂದರೆ ಚಂದ್ರಿ ನಿಲ್ಲುತ್ತದೆ. ಡಾಂಬರು ರಸ್ತೆಗೆ ಇನ್ನೂ ಬಿಟ್ಟಿಲ್ಲ.

ಕೊನೆಯದಾಗಿ, ಕೊಂಡದ್ದನ್ನು ಕಾಪಾಡುವ ಬಗೆ. ಸವಾರಿ ಮುಗಿದ ಕೂಡಲೇ ಕಡಿವಾಣವನ್ನು ನೀರಲ್ಲಿ ಅದ್ದಿ ತೊಳೆಯಿರಿ. ಜೊಲ್ಲಿನಲ್ಲಿ ಅಂಟಿದ ಹುಲ್ಲು ಒಣಗಿದರೆ ಉಪ್ಪುಕಾಗದವಾಗುತ್ತದೆ. ಸೋಪು ಬೇಡ, ಬಾಯಿಗೆ ಹೋಗುವ ವಸ್ತು ಅದು. ತಿಂಗಳಿಗೊಮ್ಮೆ ಒಂದು ಹತ್ತಿ ಉಂಡೆಯನ್ನು ಕಂಬಿ, ಕೀಲು, ಬಳೆಯ ತೂತು ಎಲ್ಲದರ ಮೇಲೆ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಅಂಚು ಎದ್ದಿದೆ ಎಂದರ್ಥ. ಎಷ್ಟೇ ಬೆಲೆ ಕೊಟ್ಟಿರಲಿ, ಅದನ್ನು ಮತ್ತೆ ಬಾಯಿಗೆ ಹಾಕಬೇಡಿ.